ಕೊನೆಗೌಡನ ಪಂಚಾಂಗ

ನಮ್ಮ ಕಡೆ ಮದುವೆಗೆ ಮುಹೂರ್ತ ಇಡುವ ಮುಂಚೆ ಪುರೋಹಿತರನ್ನು ಕೇಳುತ್ತಿದ್ದರು, ನಿಜ. ಅವರಿಗೂ ಮುಂಚೆ ಕೊನೆಗೌಡನನ್ನು ಕೇಳುತ್ತಿದ್ದರು. ಡಿಸೆಂಬರಿನಿಂದ ಫೆಬ್ರುವರಿವರೆಗೆ ಅವನು ಯಾವ ದಿನ ಯಾರ ತೋಟದಲ್ಲಿ ಇರುತ್ತಾನೆ ಎಂಬುದು ಗೊತ್ತಾಗದೆ ಸಿದ್ದಾಪುರ ಸೀಮೆಯಲ್ಲಿ ಉಪನಯನವೂ ಇಲ್ಲ, ಗೃಹಪ್ರವೇಶವೂ ಇಲ್ಲ. ನನ್ನ ನಾದಿನಿಯ ಮದುವೆಗೆ ಪುರೋಹಿತರು ಕೊಟ್ಟ ಒಳ್ಳೆಯ ದಿನವೊಂದನ್ನು ಮಾವ ಬಿಟ್ಟುಕೊಟ್ಟದ್ದು ಅದೇ ಕಾರಣಕ್ಕೆ. "ಗ್ರಹಗತಿ ಸರಿ ಇದ್ದು, ಗೌಡಂದು ಸರಿ ಇಲ್ಲೆ" ಅಂದಿದ್ದರು.

ಕೊನೆಗೌಡ ಅಂದರೆ ಅಡಿಕೆ ಮರ ಹತ್ತಿ ಕೊನೆ ಇಳಿಸುವವ. ತೋಟಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಐವತ್ತು ಅಡಿಯ ಮರ, ದಪ್ಪ ನೋಡಿದರೆ ತೊಡೆಯಷ್ಟೂ ಇಲ್ಲ. ಕಾಲಿಗೆ ತಳೆ ಎಂಬ ಕುಣಿಕೆ ಹಾಕಿಕೊಂಡು ಏರುತ್ತಾನೆ. ಬಲಿತ ಕೊನೆ ಯಾವುದು, ಇನ್ನೂ ಹದಿನೈದು ದಿನ ಬಿಡಬೇಕಾದದ್ದು ಯಾವುದು ಎಂದು ಅಲ್ಲೇ ತೀರ್ಮಾನ ಮಾಡಿ, ಕಡಿದ ಕೊನೆಯನ್ನು ಹಗ್ಗದ ಮೇಲೆ ಜಾರಿಸುತ್ತಾನೆ. ಕೆಳಗೆ ನೇಣು ಹಿಡಿದವನ ಕೈಗೆ ಕೊನೆ ಒಂದು ಕಾಯಿಯೂ ಉದುರದ ಹಾಗೆ ಬಂದು ಸೇರಬೇಕು. ಆಮೇಲೆ ಅವನು ಇಳಿಯುವುದಿಲ್ಲ. ಮರವನ್ನೇ ಬಗ್ಗಿಸಿ ಪಕ್ಕದ ಮರಕ್ಕೆ ದಾಟುತ್ತಾನೆ. ಹೀಗೆ ಒಂದು ಹೊತ್ತಿನಲ್ಲಿ ಒಂದು ಸಾಲು ಮುಗಿಸಿ ನೆಲಕ್ಕೆ ಬರುವ ಗೌಡರನ್ನು ನಾನು ನೋಡಿದ್ದೇನೆ. ಊರಿಗೆ ಅಂಥವರು ಇಬ್ಬರೋ ಮೂವರೋ. ಐದಾರು ಊರಿನ ಸುಗ್ಗಿ ಅವರ ಸೊಂಟದ ಮೇಲೆ.

"ಆಳು ಸಿಕ್ಕುವುದಿಲ್ಲ" ಎಂಬ ಮಾತು ಈಗ ಪ್ರತಿ ಮದುವೆಮನೆಯ ಪಂಕ್ತಿಯಲ್ಲೂ ಕೇಳುತ್ತದೆ. ಈಗಿನ ಹುಡುಗರೆಲ್ಲ ಬೆಂಗಳೂರು ಸೇರಿದ್ದರಿಂದ ಹೀಗಾಯಿತು ಎಂದು ಹೇಳುವವರೇ ಹೆಚ್ಚು. ಆದರೆ ಇದೇ ಮಾತನ್ನು ನನ್ನ ಅತ್ತೆಯೂ ಹೇಳುತ್ತಿದ್ದರು. ಅವರ ಅತ್ತೆಯೂ ಹೇಳಿದ್ದರಂತೆ. ಹಾಗಾದರೆ ಆಳು ಸಿಗುತ್ತಿದ್ದ ಕಾಲ ಯಾವುದು ಎಂದು ಹುಡುಕುತ್ತ ಹೋದರೆ ಅಡಿಕೆ ತೋಟದ ಚರಿತ್ರೆ ಪೂರ್ತಿ ಹಿಂದಕ್ಕೆ ಓಡುತ್ತದೆ, ಆ ಕಾಲ ಮಾತ್ರ ಸಿಗುವುದಿಲ್ಲ. ನನಗನಿಸುವುದು, ನಮ್ಮಲ್ಲಿ ಯಾವತ್ತೂ ಕಡಿಮೆ ಬಿದ್ದದ್ದು ಜನರಲ್ಲ, ದಿನಗಳು. ಎಲ್ಲರ ಕೆಲಸವೂ ಒಂದೇ ದಿನಕ್ಕೆ ಬಂದು ಬೀಳುತ್ತದೆ. ಆ ಒಂದು ದಿನವನ್ನು ಅತ್ತಿತ್ತ ಎಳೆದಾಡುವುದಕ್ಕೆ ನಮ್ಮ ಹಿರಿಯರೂ ನಾವೂ ಏನೇನು ಮಾಡಿದೆವು ಎಂಬುದೇ ಈ ಕಸುಬಿನ ಕತೆ.

ಕೆಂಪಡಿಕೆ ಮಾಡುವವನಿಗೆ ಮರದ ಮೇಲೆ ಇರುವಷ್ಟು ಹೊತ್ತು ಮಾತ್ರ ಸಮಾಧಾನ. ಹಸಿ ಕೊನೆ ನೆಲಕ್ಕೆ ಬಂತೆಂದರೆ ಗಡಿಯಾರ ಶುರು. ಎರಡು ಮೂರು ದಿನ ಹಾಗೇ ಬಿಟ್ಟರೆ ಸಿಪ್ಪೆ ಬಾಡಿ ನಾರಾಗುತ್ತದೆ, ಕತ್ತಿಗೆ ಬಗ್ಗುವುದಿಲ್ಲ, ಬೇಯಿಸಿದ ಮೇಲೆ ಬಣ್ಣವೂ ಬರುವುದಿಲ್ಲ. ಸುಲಿದದ್ದನ್ನು ಮರುದಿನವೇ ಹಂಡೆಗೆ ಹಾಕಬೇಕು, ಅಡಿಕೆ ಬೇಯಿಸಿ ಉಳಿದ ರಸವಾದ ಚೊಗರಿನಲ್ಲಿ ಬೇಯಿಸಬೇಕು, ಅಟ್ಟದ ಮೇಲೆ ತಟ್ಟಿ ಹಾಸಿ ಏಳೆಂಟು ಬಿಸಿಲು ಕಾಣಿಸಬೇಕು. ಒಂಬತ್ತು ಅಡಿಗೊಂದರಂತೆ ನೆಟ್ಟರೆ ಎಕರೆಗೆ 537 ಮರ. ಮರಕ್ಕೆ ಎರಡೋ ಮೂರೋ ಕೊನೆ. ಅಂದರೆ ಒಂದೆಕರೆಯವನ ಮನೆಯಲ್ಲೂ ಸಾವಿರಕ್ಕೂ ಮೇಲೆ ಕೊನೆ ಅಂಗಳಕ್ಕೆ ಬರಬೇಕು. ಎಲ್ಲವೂ ಒಟ್ಟಿಗೆ ಬಲಿಯುವುದಿಲ್ಲವಾದ್ದರಿಂದ ಮೂರು ನಾಲ್ಕು ಕೊಯ್ಲು. ಇದೇ ತಿಂಗಳುಗಳಲ್ಲಿ ಗದ್ದೆಯ ಭತ್ತವೂ ಕೊಯ್ಲಿಗೆ ನಿಂತಿರುತ್ತದೆ. ಕಾಳುಮೆಣಸು ಅದರ ಬೆನ್ನಿಗೇ. ದೇವರು ಹನ್ನೆರಡು ತಿಂಗಳು ಕೊಟ್ಟ, ಮಲೆನಾಡಿಗೆ ಕೆಲಸವನ್ನು ಮೂರು ತಿಂಗಳಲ್ಲಿ ತುರುಕಿದ.

ಹಾಗಾಗಿ ಬೆಳಿಗ್ಗೆ ತಳೆ ಹೆಗಲಿಗೆ ಹಾಕಿಕೊಂಡು ಬಂದ ಗೌಡ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇವತ್ ರಾತ್ರಿ ಎಷ್ಟ್ ಜನ?" ಸುಲಿಯಲು ಎಷ್ಟು ಜನ ಕೂರುತ್ತಾರೆ ಎಂದು. ಹತ್ತು ಜನ ಅಂದರೆ ಅಷ್ಟಕ್ಕೆ ತಕ್ಕಷ್ಟೇ ಕೊನೆ ಇಳಿಯುತ್ತಿತ್ತು. ಯಾರದೋ ಮನೆಯ ಸೂತಕದಿಂದ ಆರೇ ಜನ ಎಂದಾದರೆ ಅವನು ಮಧ್ಯಾಹ್ನಕ್ಕೇ ಇಳಿದು, ಉಳಿದರ್ಧ ದಿನ ಹೊಳೆಯಾಚೆಯ ಮನೆಗೆ ಹೋಗುತ್ತಿದ್ದ. ಮೇಲಿನ ಕೆಲಸವನ್ನು ಕೆಳಗಿನ ಕೈಗಳ ಲೆಕ್ಕಕ್ಕೆ ಕಟ್ಟಿಹಾಕುವ ಈ ಜಾಣತನವನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ದೊಡ್ಡ ಕಂಪನಿಯಲ್ಲಿರುವ ನನ್ನ ಮಗ ಇದಕ್ಕೆ ಏನೋ ಜಪಾನಿ ಹೆಸರು ಹೇಳಿದ. ಗೌಡನಿಗೆ ಹೇಳಿದೆ. ಕವಳ ಉಗಿದು ಬಂದು ನಕ್ಕ.

ಮಾವನವರ ಪೆಟ್ಟಿಗೆಯಲ್ಲಿ ಕೆಂಪು ರಟ್ಟಿನ ಉದ್ದ ಪುಸ್ತಕವೊಂದಿದೆ. ಐವತ್ತರ ದಶಕದಿಂದೀಚಿನ ಮುರಿಯಾಳು ಲೆಕ್ಕ ಅದು. ಸಾಗರದ ಕಡೆ ಮುಯ್ಯಾಳು ಎನ್ನುತ್ತಾರೆ. ಇವತ್ತು ನಿಮ್ಮ ಮನೆಯಿಂದ ಇಬ್ಬರು ನಮ್ಮ ಮನೆಗೆ ಸುಲಿಯಲು ಬಂದರೆ, ನಾಳೆಯೋ ನಾಡಿದ್ದೋ ನಮ್ಮ ಮನೆಯಿಂದ ಇಬ್ಬರು ನಿಮ್ಮ ಅಂಗಳದಲ್ಲಿ. ಹಣದ ಮಾತಿಲ್ಲ. ಪುಸ್ತಕದ ಎಡಕ್ಕೆ "ಬಂದಿದ್ದು", ಬಲಕ್ಕೆ "ಹೋಗಿದ್ದು", ಮಧ್ಯೆ ಮನೆಯ ಗುರುತು: ಕೆಳಗಿನ ಮನೆ, ಹೊಳೆಯಾಚೆ, ಕಟ್ಟೆ ಮನೆ, ಹೊಸತೋಟ. ಒಬ್ಬರಿಗೆ ಒಂದು ಗೀಟು. ಅರ್ಧ ಗೀಟು ಅಂದರೆ ಮಕ್ಕಳು.

ಲೆಕ್ಕದ ನಿಯಮ ವಿಚಿತ್ರವಾಗಿತ್ತು. ಒಂದು ರಾತ್ರಿಗೆ ಒಂದು ರಾತ್ರಿ, ಅಷ್ಟೆ. ಕೆಳಗಿನ ಮನೆಯ ಅಣ್ಣಯ್ಯನ ಕೈಯಲ್ಲಿ ಅಡಿಕೆ ಕುಣಿಯುತ್ತಿತ್ತು. ಅವನ ತಮ್ಮ ಕತೆ ಹೇಳುತ್ತ, ಕವಳ ಕಟ್ಟುತ್ತ, ಅಣ್ಣನ ಅರ್ಧದಷ್ಟೂ ಸುಲಿಯುತ್ತಿರಲಿಲ್ಲ. ಇಬ್ಬರಿಗೂ ಒಂದೊಂದೇ ಗೀಟು. ಮೊದಲು ನನಗೆ ಇದು ಅನ್ಯಾಯ ಅನ್ನಿಸುತ್ತಿತ್ತು. ಆಮೇಲೆ ಗೊತ್ತಾಯಿತು, ಆ ತಮ್ಮನಿಲ್ಲದ ರಾತ್ರಿ ಹನ್ನೊಂದಕ್ಕೇ ಎಲ್ಲರೂ ತೂಕಡಿಸುತ್ತಿದ್ದರು. ಯಕ್ಷಗಾನದ ಅರ್ಥ ಅವನ ಬಾಯಲ್ಲಿ ಕೇಳಬೇಕು. ಎದುರು ಕೂತವರು ಕೌರವನ ಪಕ್ಷ ಹಿಡಿದು ಮಾತು ಎಳೆದರೆ ಒಂದು ಗಂಟೆಯ ತನಕ ದೀಪ ಆರುತ್ತಿರಲಿಲ್ಲ. ಭದ್ರಾವತಿಯ ಆಕಾಶವಾಣಿ 1965ರಲ್ಲಿ ಶುರುವಾದ ಮೇಲೆ ರೇಡಿಯೋ ಜಗಲಿಗೆ ಬಂತು. ಆದರೂ ತಮ್ಮನ ಗೀಟು ಪುಸ್ತಕದಲ್ಲಿ ತಪ್ಪಲಿಲ್ಲ.

ಮೆಟ್ಟುಗತ್ತಿ ಅಂದರೆ ಉದ್ದದ ಮಣೆ, ತುದಿಯಲ್ಲಿ ಬಾಗಿ ನಿಂತ ಅಲಗು. ಮಣೆಯ ಮೇಲೆ ಕಾಲು ಮಡಚಿ ಕೂತು, ಅಡಿಕೆಯನ್ನು ಅಲಗಿಗೆ ಒತ್ತಿ ತಿರುಚಬೇಕು. ಸಿಪ್ಪೆಯ ಎಸಳು ಬಿಡುವ ಸದ್ದು ಒಂದು ಥರ ಚರಕ್ ಅನ್ನುತ್ತದೆ. ಮೂರು ಎಸಳಿಗೆ ಅಡಿಕೆ ಬುಟ್ಟಿಗೆ ಬೀಳಬೇಕು. ನಾಲ್ಕಾದರೆ ಅತ್ತೆ ನೋಡುತ್ತಿದ್ದರು, ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಎಳೆಯದನ್ನು ಇಡಿಯಾಗಿ ಬಿಟ್ಟರೆ ರಾಶಿ, ಸ್ವಲ್ಪ ಬಲಿತದ್ದನ್ನು ಹೋಳು ಮಾಡಿದರೆ ಬೆಟ್ಟೆ. ಕೈ ನೋಡದೆ, ಮುಖ ನೋಡಿಕೊಂಡು ಮಾತಾಡುತ್ತ ಇದನ್ನು ವಿಂಗಡಿಸುತ್ತಿದ್ದರು. ಹಸಿ ಅಡಿಕೆಯ ಕರೆ ಬೆರಳಿಗೆ ಹಿಡಿದರೆ ಯುಗಾದಿಯವರೆಗೆ ಹೋಗದು. ನಾನು ಮದುವೆಯಾಗಿ ಬಂದ ವರ್ಷ ತವರಿಗೆ ಹೋದಾಗ ಕೈ ನೋಡಿ ನನ್ನ ತಂಗಿ ಗಾಬರಿಯಾಗಿದ್ದಳು. ನಮ್ಮದು ಕುಮಟೆಯ ಕಡೆ, ಮನೆಯಲ್ಲಿ ತೆಂಗು, ಇಂಥ ಕಪ್ಪು ಕೈ ನೋಡಿ ಗೊತ್ತಿರಲಿಲ್ಲ.

ಮುರಿ ನಡೆಯುತ್ತಿದ್ದದ್ದು ಸರಿಸಮರ ನಡುವೆ ಮಾತ್ರ. ಒಂದೆಕರೆ, ಎರಡೆಕರೆಯವರು ಪರಸ್ಪರ ತೀರಿಸಬಹುದು. ಹತ್ತೆಕರೆಯವನು ಯಾರ ಮನೆಗೆ ಹೋಗಿ ಎಷ್ಟು ರಾತ್ರಿ ತೀರಿಸಿಯಾನು? ಅವನಿಗೆ ಕೂಲಿಯವರೇ ಬೇಕು, ಕೂಲಿ ಸಿಗದಿದ್ದಾಗ ಸಾಲ ಕೊಟ್ಟು ಕಟ್ಟಿಕೊಂಡ ಆಳು ಬೇಕು. ಊರಿನ ಒಗ್ಗಟ್ಟಿನ ಬಗ್ಗೆ ಭಾಷಣ ಮಾಡುವವರು ಮುರಿಯಾಳನ್ನು ಹೊಗಳುವಾಗ ಈ ಇನ್ನೊಂದು ಪುಸ್ತಕವನ್ನು ತೆರೆಯುವುದಿಲ್ಲ. ಮದುವೆಗೆಂದು ಒಡೆಯನ ಹತ್ತಿರ ಕೈಸಾಲ ಮಾಡಿ, ಆ ಸಾಲಕ್ಕೆ ವರ್ಷಗಟ್ಟಲೆ ದುಡಿದ ಮನೆಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿದ್ದವು. ಅವರು ಬಂದು ಸುಲಿದ ರಾತ್ರಿಗೆ ನಾವು ಅವರ ಅಂಗಳಕ್ಕೆ ಹೋಗಿ ಸುಲಿದು ತೀರಿಸುವ ಪ್ರಶ್ನೆಯೇ ಇರಲಿಲ್ಲ. ಸುಲಿಯಲು ಅವರಿಗೆ ಅಡಿಕೆ ಎಲ್ಲಿತ್ತು? ಅವರು ಕೂರುವ ಜಾಗವೂ ಬೇರೆ, ಅಂಗಳದ ಆಚೆ ಬದಿ. ದೀಪ ಮಾತ್ರ ಒಂದೇ.

ಕೆಂಪು ರಟ್ಟಿನ ಪುಸ್ತಕದಲ್ಲಿ ಇನ್ನೂ ಒಂದು ಸಂಗತಿ ಇಲ್ಲ. ಮನೆಯ ಹೆಂಗಸರು. ಬೇರೆ ಮನೆಯಿಂದ ಬಂದ ಹೆಂಗಸಿಗೆ ಗೀಟು ಬೀಳುತ್ತಿತ್ತು. ಮನೆಯ ಹೆಂಗಸು ಸಂಜೆ ಹಾಲು ಕರೆದು, ಇಪ್ಪತ್ತು ಜನಕ್ಕೆ ಅನ್ನ ಅಪ್ಪೆಹುಳಿ ಮಾಡಿ, ಆಮೇಲೆ ಮೆಟ್ಟುಗತ್ತಿ ಹಿಡಿದು, ನಡುರಾತ್ರಿ ಎದ್ದು ಚಾ ಕಾಸಿ, ಬೆಳಗಿನ ಜಾವ ಹಂಡೆಗೆ ಬೆಂಕಿ ಇಟ್ಟರೆ ಅದು ಯಾವ ಕಡೆಯ ಲೆಕ್ಕಕ್ಕೂ ಸೇರದು. ಆಳಿನ ಕೊರತೆ ಬಿದ್ದಾಗಲೆಲ್ಲ ಮೊದಲು ಉದ್ದವಾಗುತ್ತಿದ್ದದ್ದು ಅವಳ ರಾತ್ರಿ.

1932ರ ಕರನಿರಾಕರಣೆಯ ಕತೆಯನ್ನು ನಮ್ಮ ಮನೆಯಲ್ಲಿ ಹಿರಿಯರು ಹೇಳುವಾಗ ಹೆಂಗಸರ ಈ ದುಡಿಮೆಯ ದಾರಿಯಲ್ಲೇ ಹೇಳುತ್ತಿದ್ದರು. ಅಂಕೋಲೆಯಂತೆ ಸಿದ್ದಾಪುರವೂ ಆಗ ಮುಂಬಯಿ ಸರಕಾರಕ್ಕೆ ಕಂದಾಯ ಕೊಡುವುದಿಲ್ಲ ಎಂದು ನಿಂತಿತ್ತು. ಗಂಡಸರು ಜೈಲಿಗೆ ಹೋದರು, ಆಸ್ತಿ ಹರಾಜಾಯಿತು. ಹರಾಜಿನಲ್ಲಿ ಕೊಂಡವರ ಮನೆಯೆದುರು ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕೂತದ್ದನ್ನು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಉಳಿದ ತೋಟಗಳಲ್ಲಿ ಆ ವರ್ಷ ಕೊನೆ ಇಳಿಸಿದವರು ಯಾರು, ಸುಲಿಸಿ ಬೇಯಿಸಿ ಪೇಟೆಗೆ ಕಳಿಸಿದವರು ಯಾರು ಎಂದು ಪುಸ್ತಕಗಳಲ್ಲಿ ಇಲ್ಲ. ಅತ್ತೆಯ ಅತ್ತೆಯನ್ನು ಕೇಳಬೇಕಿತ್ತು. ಗಾಡಿಯವನಿಗೆ ದರ ಕಟ್ಟುವುದನ್ನು ಅವರು ಕಲಿತದ್ದು ಆ ವರ್ಷವಂತೆ, ಕೊನೆಯವರೆಗೂ ಆ ಕೆಲಸವನ್ನು ಯಾರಿಗೂ ಬಿಟ್ಟುಕೊಡಲಿಲ್ಲವಂತೆ.

ಇನ್ನೂ ಹಿಂದಕ್ಕೆ ಹೋದರೆ ಕೊರತೆಗೆ ಕಾರಣ ಜ್ವರ. 1801ರಲ್ಲಿ ಸೋಂದೆ, ಶಿರಸಿ ದಾರಿಯಲ್ಲಿ ಹೋದ ಫ್ರಾನ್ಸಿಸ್ ಬುಕಾನನ್, ಹವ್ಯಕ ಬ್ರಾಹ್ಮಣರು ತೋಟದಲ್ಲಿ ತಾವೇ ಕೈಯಿಟ್ಟು ದುಡಿಯುವುದನ್ನು ಬರೆದಿಟ್ಟಿದ್ದಾನೆ. ಅದನ್ನು ನಮ್ಮವರು ಶ್ರಮಸಂಸ್ಕೃತಿ ಎಂದು ಉಲ್ಲೇಖಿಸುತ್ತಾರೆ. ಇರಲಿ. ಬೇರೆ ಕೈ ಇರಲಿಲ್ಲ ಎಂಬುದೂ ಅದರಲ್ಲಿ ಇದ್ದೀತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಘಟ್ಟದ ಮೇಲಿನ ಈ ತಾಲೂಕುಗಳ ಜನಸಂಖ್ಯೆ ಏರುವ ಬದಲು ಇಳಿಯಿತು. ಮಲೇರಿಯಾ, ಪ್ಲೇಗು, ಮೇಲಿಂದ 1918ರ ಇನ್‌ಫ್ಲೂಯೆಂಜಾ. ಕೆಳಗಿನ ಕರಾವಳಿಯಿಂದ ಆಳುಗಳು ಸುಗ್ಗಿಗೆಂದು ಘಟ್ಟ ಹತ್ತಿ ಬಂದು, ಮಳೆ ಬೀಳುವ ಮೊದಲು ಇಳಿದು ಓಡುತ್ತಿದ್ದರು. ಒಂದು ಮಳೆಗಾಲ ಇಲ್ಲಿ ನಿಂತರೆ ಹೊಟ್ಟೆಯಲ್ಲಿ ಜ್ವರಗಡ್ಡೆ ಖಂಡಿತ ಎಂದು ಅವರಿಗೆ ಗೊತ್ತಿತ್ತು. ಅಂದರೆ ಕೂಲಿಯವರ ಪಂಚಾಂಗವನ್ನು ಸೊಳ್ಳೆ ಬರೆಯುತ್ತಿತ್ತು. 1946ರಿಂದ ಮುಂಬಯಿ ಪ್ರಾಂತ್ಯದವರು ಡಾ. ವಿಶ್ವನಾಥನ್ ಅವರ ಮುಂದಾಳುತನದಲ್ಲಿ ಕೆನರಾ, ಧಾರವಾಡ ಜಿಲ್ಲೆಗಳ ಮನೆಗೋಡೆಗಳಿಗೆ ಡಿಡಿಟಿ ಹೊಡೆದ ಮೇಲೆ ಈ ಕತೆ ಬದಲಾಯಿತು. ಜನ ನಿಂತರು. ಅತ್ತೆಯ ಬಾಯಲ್ಲಿ ಅದು "ಬಿಳೇ ಮದ್ದು ಹೊಡೆದ ವರ್ಷ". ಅಡಿಕೆ ಕಸುಬಿನ ಚರಿತ್ರೆ ಬರೆಯುವವರು ಗೊಬ್ಬರ, ತಳಿ, ಧಾರಣೆ ಎಲ್ಲ ಬರೆಯುತ್ತಾರೆ. ಡಿಡಿಟಿಗೆ ಒಂದು ಪುಟ ಕೊಟ್ಟವರನ್ನು ನಾನು ಕಾಣೆ.

ಆಳು ಉಳಿಸಿದ ಇನ್ನೊಂದು ಮದ್ದು ಅದಕ್ಕಿಂತ ಹಳೆಯದು. ಮಳೆಗಾಲದ ಕೊಳೆರೋಗಕ್ಕೆ ಮೊದಲು ಇದ್ದ ಉಪಾಯ ಒಂದೇ, ಕೊನೆಗೆ ಕೊಟ್ಟೆ ಕಟ್ಟುವುದು. ಕರಡವನ್ನೋ ಅಡಿಕೆ ಹಾಳೆಯನ್ನೋ ಕೊಡೆಯ ಹಾಗೆ ಹೆಣೆದು, ಮಳೆ ಹಿಡಿಯುವ ಮುಂಚೆ ಮರ ಹತ್ತಿ ಪ್ರತಿ ಕೊನೆಗೂ ಕಟ್ಟಬೇಕು. ಎಕರೆಗೆ ಸಾವಿರ ಕೊನೆಯೆಂದು ಮೇಲೆ ಹೇಳಿದೆ, ಲೆಕ್ಕ ನೀವೇ ಮಾಡಿ. ಬೇಸಗೆಯ ರಜೆಯೆಲ್ಲ ಮನೆಯವರು ಕೊಟ್ಟೆ ಹೆಣೆಯುವುದರಲ್ಲೇ ಮುಗಿಯುತ್ತಿತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್‌ಮನ್ ಕೊಳೆಯ ಬೆನ್ನು ಹತ್ತಿ 1910ರಲ್ಲಿ ಅದರ ಮೇಲೆ ವರದಿ ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿತೋಟದವರು ಬಳಸುತ್ತಿದ್ದ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಅವರಿಗೆ ಗೊತ್ತಿತ್ತು. ಆದರೆ ನಮ್ಮ ಮಳೆಗೆ ಅದು ತೊಳೆದು ಹೋಗದಂತೆ ರಾಳ ಮತ್ತು ಸೋಡಾ ಕುದಿಸಿ ಮಾಡಿದ ಅಂಟನ್ನು ಬೆರೆಸಿದ್ದು ಅವರ ಬುದ್ಧಿ. ಮರ ಹತ್ತುವವನು ಕೊನೆಗೊಂದು ಕೊಟ್ಟೆ ಕಟ್ಟುವ ಬದಲು, ಮರದಿಂದ ಮರಕ್ಕೆ ದಾಟುತ್ತ ಮದ್ದು ಹಾರಿಸಿದರಾಯಿತು. ಮಳೆಗೆ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ. ಕೋಲ್‌ಮನ್ನರನ್ನು ಎಲ್ಲರೂ ಕೊಳೆ ಓಡಿಸಿದವರೆಂದು ನೆನೆಯುತ್ತಾರೆ. ನನ್ನ ಲೆಕ್ಕದಲ್ಲಿ ಅವರು ಮೇ ತಿಂಗಳನ್ನು ಮನೆಯವರಿಗೆ ವಾಪಸು ಕೊಟ್ಟವರು.

ನಾನು ಈ ಮನೆಗೆ ಬರುವ ಹೊತ್ತಿಗೆ ಎರಡು ಕಾನೂನು ಬಂದಾಗಿತ್ತು. 1974ರ ಭೂಸುಧಾರಣೆ, 1976ರ ಜೀತಮುಕ್ತಿ. ಗುಡ್ಡದಾಚೆ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎಬ್ಬಿಸಿದ ಕೂಗು ದೇವರಾಜ ಅರಸರ ಕಾಲಕ್ಕೆ ಗೇಣಿದಾರರು ಒಡೆತನ ಕೇಳಿ ತುಂಬುವ ಏಳನೇ ನಂಬರಿನ ಫಾರಂ ಆಗಿ ನಮ್ಮ ಬಾಗಿಲಿಗೂ ಬಂತು. ನಮ್ಮದೂ ಒಂದಿಷ್ಟು ಗದ್ದೆ ಗೇಣಿಯವರ ಹೆಸರಿಗೆ ಹೋಯಿತು. ಮಾವ ಒಂದು ವರ್ಷ ಅವರ ಮನೆಯ ಕಡೆಯಿಂದ ಹಾಯಲಿಲ್ಲ. ಆಮೇಲೆ ಅವರ ಮಗನ ಮದುವೆಗೆ ಹೋಗಿ ಉಂಡು ಬಂದರು. ಆ ಗದ್ದೆ ಅವರಿಗೆ ಹೋದದ್ದು ಸರಿ ಎಂದೇ ನಾನು ಆಗಲೂ ಹೇಳುತ್ತಿದ್ದೆ, ಮೆಲ್ಲಗೆ.

ಆದರೆ ಕಾನೂನು ಬದಲಾಯಿಸಿದ್ದು ಕಾಗದವನ್ನು ಮಾತ್ರ ಅಲ್ಲ, ತಾರೀಖನ್ನೂ. ಅಲ್ಲಿಯವರೆಗೆ ನಮ್ಮ ಗದ್ದೆಯ ಕೊಯ್ಲೂ ನಮ್ಮ ತೋಟದ ಕೊಯ್ಲೂ ಒಂದೇ ಒಡೆತನದಲ್ಲಿದ್ದವು. ಭತ್ತ ಮೊದಲೋ ಅಡಿಕೆ ಮೊದಲೋ ಎಂದು ಮಾವ ಹೇಳಿದಂತೆ ಆಳು ತಿರುಗುತ್ತಿತ್ತು. ಈಗ ಭತ್ತ ಅವರದು. ಡಿಸೆಂಬರಿನಲ್ಲಿ ಅವರು ಮೊದಲು ತಮ್ಮ ಗದ್ದೆಗೆ ಇಳಿದರು, ನ್ಯಾಯವಾಗಿಯೇ. ನಮ್ಮ ಕೊನೆ ಮರದ ಮೇಲೆ ಹಣ್ಣಾಯಿತು. ಹಣ್ಣಾದದ್ದು ಕೆಂಪಡಿಕೆಗೆ ಒಗ್ಗದು, ಒಣಗಿಸಿ ಗೋಟು ಮಾಡಬೇಕು. ಶಿರಸಿ ಪೇಟೆಯ ಧಾರಣೆ ಪಟ್ಟಿಯಲ್ಲಿ ರಾಶಿ, ಬೆಟ್ಟೆ ಆದ ಮೇಲೆ ಕೆಂಪುಗೋಟು, ಬಿಳೆಗೋಟು, ಕೋಕಾ ಎಂದು ಸಾಲಾಗಿ ಕೆಳಗಿಳಿಯುವ ಹೆಸರುಗಳಿವೆ. ಸಮಯಕ್ಕೆ ಆಳು ಸಿಗದವನ ಬೆಳೆ ಎಷ್ಟು ಮೆಟ್ಟಿಲು ಇಳಿಯಿತು ಎಂದು ಆ ಪಟ್ಟಿಯಲ್ಲೇ ಓದಬಹುದು.

ಆ ವರ್ಷಗಳಲ್ಲಿ ತೋಟಿಗರು ಬಾಯಿತುಂಬ ಸರಕಾರವನ್ನು ಬೈದರು. ಬೈಯುತ್ತಲೇ ಕಲಿತದ್ದು ಏನೆಂದರೆ ಕೇಳುವುದನ್ನು. ಮೊದಲು "ನಾಳೆ ಬಾ" ಎಂದು ಹೇಳಿ ಕಳಿಸುತ್ತಿದ್ದರು. ಈಗ ಹಿಂದಿನ ಸಂಜೆ ಅವರ ಅಂಗಳಕ್ಕೆ ಹೋಗಿ "ಯಾವತ್ತು ಆಗಬಹುದು?" ಎಂದು ಕೇಳಬೇಕು. ಮಾವ ತಾವೇ ಹೋಗಲಿಲ್ಲ, ನನ್ನನ್ನು ಕಳಿಸಿದರು. ಹೆಂಗಸರ ಹತ್ತಿರ ಹೆಂಗಸು ಹೋಗಿ ಕೇಳುವುದು ಸುಲಭ ಎಂಬ ನೆವ. ನನಗಂತೂ ಅದರಿಂದ ಊರಿನ ಅರ್ಧದಷ್ಟು ಮನೆಗಳ ಒಳಗು ನೋಡಿದ ಹಾಗಾಯಿತು.

ಮುರಿಯಾಳನ್ನು ಕೊಂದದ್ದು ಮಾತ್ರ ಕಾನೂನಲ್ಲ, ಅಡಿಕೆಯೇ. ಎಂಬತ್ತು-ತೊಂಬತ್ತರ ದಶಕಗಳಲ್ಲಿ ಧಾರಣೆ ಕಂಡವರು ಗದ್ದೆಗೆ ಮಣ್ಣು ಹಾಕಿ ಅಡಿಕೆ ಸಸಿ ನೆಟ್ಟರು. ಎರಡೆಕರೆಯವನು ನಾಲ್ಕೆಕರೆ ಮಾಡಿದ. ಗೇಣಿಯಿಂದ ಗದ್ದೆ ಪಡೆದವರೂ ನೆಟ್ಟರು, ಅವರು ಮಾತ್ರ ಏಕೆ ಬಿಡಬೇಕು? ಕಣಿವೆಯ ಎಲ್ಲ ಮನೆಯಲ್ಲೂ ಒಂದೇ ಬೆಳೆ, ಒಂದೇ ವಾರ, ಒಂದೇ ಗೌಡ. ನಮ್ಮ ಮನೆಗೆ ಬಂದು ಸುಲಿಯಲು ಯಾರ ಮನೆಯಲ್ಲೂ ಖಾಲಿ ರಾತ್ರಿ ಉಳಿಯಲಿಲ್ಲ. ಅದೇ ಹೊತ್ತಿಗೆ ಕೊಂಕಣ ರೈಲಿನ ಕೆಲಸ, ಕೈಗಾ, ಗೋವಾ, ಬೆಂಗಳೂರಿನ ಹೋಟೆಲು ಎಂದು ಹುಡುಗರು ಹೊರಟರು. ನಮ್ಮ ಹುಡುಗರು ಇಂಜಿನಿಯರಿಂಗ್ ಎಂದು ಹೊರಟರು. ಕೆಂಪು ರಟ್ಟಿನ ಪುಸ್ತಕದ ಕೊನೆಯ ಪುಟಗಳಲ್ಲಿ "ಬಂದಿದ್ದು" ಖಾಲಿ ಇದೆ. ಹೊಳೆಯಾಚೆಯ ಮನೆಗೆ ನಾವು ಕೊಡಬೇಕಾದ ಎರಡು ರಾತ್ರಿ ಬಾಕಿ ಹಾಗೇ ಉಳಿದಿದೆ. ಆ ಮನೆಯವರು ತೋಟ ಮಾರಿ ಶಿವಮೊಗ್ಗಕ್ಕೆ ಹೋದರು.

ಆಮೇಲೆ ಬಂದದ್ದು ಡಬ್ಬದ ಲೆಕ್ಕ. ಸೀಮೆಎಣ್ಣೆಯ ಹಳೆ ಡಬ್ಬ ಒಂದು ತುಂಬ ಸುಲಿದರೆ ಇಷ್ಟು ರೂಪಾಯಿ. ಆ ಕೂಡಲೇ ಜಗಲಿಯ ಮಾತು ನಿಂತಿತು. ಅಣ್ಣಯ್ಯನಂಥವರಿಗೆ ಕಾಸು, ತಮ್ಮನಂಥವರಿಗೆ ಜಾಗವಿಲ್ಲ. ಡಬ್ಬ ಕುಲುಕಬೇಕೋ ಬೇಡವೋ, ತಲೆಯಿಟ್ಟು ತುಂಬಬೇಕೋ ಮಟ್ಟಸವೋ ಎಂದು ರಾತ್ರಿ ಎರಡು ಗಂಟೆಗೆ ಜಗಳವಾಗಿದ್ದನ್ನು ನೋಡಿದ್ದೇನೆ. ಕೊನೆಗೆ ತಕ್ಕಡಿ ಬಂದು ಡಬ್ಬ ಹೋಯಿತು. ಬಯಲುಸೀಮೆಯ ಹೆಂಗಸರು ತಂಡ ಕಟ್ಟಿಕೊಂಡು ಬಂದು ಸುಲಿದು ಹೋಗತೊಡಗಿದರು. ಅವರ ಕೈವೇಗ ನೋಡಿ ನಮಗೆ ನಾಚಿಕೆ.

ಯಂತ್ರ ಬಂದಾಗ ನಾನು ಯಂತ್ರದ ಪಕ್ಷ. ಇದನ್ನು ಹೇಳಿದರೆ ಹಳೆಯ ಸುಲಿತದ ರಾತ್ರಿಗಳ ಬಗ್ಗೆ ಕವಿತೆ ಬರೆಯುವ ನನ್ನ ಮೈದುನನಿಗೆ ಸಿಟ್ಟು. ಅವನು ಕತೆ ಕೇಳಿದವನು, ಚಾ ಕಾಸಿದವಳು ನಾನು. ಮಲೆನಾಡಿನ ಪೇಟೆಗಳ ಗ್ಯಾರೇಜಿನವರೇ ಬೆಲ್ಟು, ಬ್ಲೇಡು, ಮೋಟಾರು ಕೂಡಿಸಿ, ಕಾಯಿ ಒಡೆಯದೆ ಸಿಪ್ಪೆ ಮಾತ್ರ ಬಿಡಿಸುವುದಕ್ಕೆ ವರ್ಷಗಟ್ಟಲೆ ಹೆಣಗಿದರು. ಮೊದಲ ಯಂತ್ರಗಳು ಅರ್ಧ ಕಾಯಿ ಕಚ್ಚಿ ಉಗುಳುತ್ತಿದ್ದವು. ಸಣ್ಣ ಕಾಯಿ, ದೊಡ್ಡ ಕಾಯಿ ಬೇರೆ ಮಾಡಿ ಹಾಕಿದರೆ ಸರಿಯಾಗುತ್ತದೆ ಎಂದು ಗೊತ್ತಾದ ಮೇಲೆ ಹದಕ್ಕೆ ಬಂದವು. ಈಗ ಜೀಪಿನ ಹಿಂದೆ ಯಂತ್ರ ಹೇರಿಕೊಂಡು ಬಾಡಿಗೆಗೆ ಬರುವವರಿದ್ದಾರೆ. ಒಂದು ರಾತ್ರಿಯಲ್ಲಿ ಹತ್ತಿಪ್ಪತ್ತು ಜನರ ಕೆಲಸ. ಸದ್ದು ಮಾತ್ರ ಗುಡ್ಡದಾಚೆಗೂ ಕೇಳುತ್ತದೆ.

ಪುತ್ತೂರಿನಲ್ಲಿ ಕ್ಯಾಂಪ್ಕೋದವರು 2009ರಲ್ಲಿ ಅಡಿಕೆ ಯಂತ್ರಗಳದೇ ಮೇಳ ಮಾಡಿದರು. ಧಾರಣೆ ಕುಸಿದ ಪೆಟ್ಟಿಗೆ ಉತ್ತರವಾಗಿ 1973ರಲ್ಲಿ ಹುಟ್ಟಿದ ಸಂಸ್ಥೆ ಅದು. ಅಡಿಕೆಯನ್ನು ಕೊಳ್ಳುವವರಿಲ್ಲ ಎಂಬ ಸಂಕಟಕ್ಕೆ ಕಟ್ಟಿದ ಸಂಘ, ಮೂವತ್ತಾರು ವರ್ಷದಲ್ಲಿ ಕೊಯ್ಯುವವರಿಲ್ಲ ಎಂಬ ಸಂಕಟಕ್ಕೆ ಮೇಳ ಮಾಡುವಂತಾಯಿತು. ಆದರೆ ಆ ಕಡೆಯವರಿಗೆ ಒಂದು ಅನುಕೂಲ ಮೊದಲಿನಿಂದ ಇತ್ತು. ದಕ್ಷಿಣ ಕನ್ನಡದವರು ಚಾಲಿ ಮಾಡುವವರು. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಅಂಗಳದಲ್ಲಿ ನಲವತ್ತು ನಲವತ್ತೈದು ಬಿಸಿಲು ಒಣಗಿಸಿ, ಗೋಣಿ ತುಂಬಿ ಅಟ್ಟಕ್ಕೆ ಹಾಕಿದರೆ ಆಯಿತು. ಸುಲಿಯುವುದು ಮಳೆಗಾಲದಲ್ಲಿ, ಬೇರೆ ಕೆಲಸವಿಲ್ಲದಾಗ. ಧಾರಣೆ ನೋಡಿಕೊಂಡು ಬೇಕಾದಾಗ. ಕೊಯ್ಲಿಗೂ ಸುಲಿತಕ್ಕೂ ಇರುವ ಗಂಟನ್ನು ಬಿಚ್ಚಿಬಿಟ್ಟಿದ್ದರು ಅವರು. ನಮ್ಮವರು ಕೆಂಪಡಿಕೆಯ ಪ್ರತಿಷ್ಠೆಯಲ್ಲಿ ಎಷ್ಟೋ ಕಾಲ ಅದನ್ನು ಸೋಮಾರಿಗಳ ಅಡಿಕೆ ಎಂದು ಹಗುರ ಮಾತಾಡಿದರು. ಈಗ ಶಿರಸಿ, ಸಿದ್ದಾಪು​ರದಲ್ಲಿ ಚಾಲಿಯ ಅಂಗಳಗಳೇ ಹೆಚ್ಚು ಕಾಣುತ್ತವೆ. ನಮ್ಮ ಮನೆಯಲ್ಲೂ ಅರ್ಧಕ್ಕೂ ಮೇಲೆ ಚಾಲಿ. ಹಂಡೆಯನ್ನು ಮೊಮ್ಮಗಳ ಹುಟ್ಟುಹಬ್ಬಕ್ಕೆ ಪಾಯಸ ಮಾಡಲು ಇಳಿಸಿದ್ದೆವು, ಚೊಗರಿನ ವಾಸನೆ ಬಿಡದೆ ಯಾರೂ ಉಣ್ಣಲಿಲ್ಲ.

ಇದೂ ಬೇಡ ಎಂದವರಿಗೆ ಚೇಣಿ ಇದೆ. ಮರದ ಮೇಲಿನ ಬೆಳೆಯನ್ನು ಹಾಗೇ ವ್ಯಾಪಾರಿಗೆ ಬಿಟ್ಟುಕೊಟ್ಟು ಹಣ ಎಣಿಸಿಕೊಳ್ಳುವುದು. ಆಳು ತರುವುದು, ಊಟ ಹಾಕುವುದು, ಮೋಡ ನೋಡುವುದು ಎಲ್ಲ ಅವನ ಪಾಡು. ಸೊಸೈಟಿಗಳೇ ಹಸಿ ಅಡಿಕೆಯ ಟೆಂಡರು ನಡೆಸುವ ಕಾಲ ಬಂದಿದೆ. ಶಿರಸಿಯ ತೋಟಗಾರರ ಸೇಲ್ ಸೊಸೈಟಿ 1923ರಲ್ಲಿ ಹುಟ್ಟಿದ್ದು ಬೆಳೆಗಾರ ಸುಲಿದು ಬೇಯಿಸಿ ಒಣಗಿಸಿ ತಂದ ಅಡಿಕೆಯನ್ನು ದಲ್ಲಾಳಿಯ ಕೈಗೆ ಬೀಳದಂತೆ ಮಾರಲಿಕ್ಕೆ. ಈಗ ಇಲ್ಲಿಯ ಪೇಟೆಗಳಿಗೆ ಲಾರಿಯಲ್ಲಿ ಹಸಿ ಕೊನೆಯೇ ಬಂದು ಬೀಳುತ್ತದೆ. ಬೆಂಗಳೂರಿನಲ್ಲಿ ಕೂತ ಮಕ್ಕಳಿಗೆ, ಎಪ್ಪತ್ತು ದಾಟಿದ ತಂದೆತಾಯಿಗೆ ಇದು ನೆಮ್ಮದಿ. ಆದರೆ ಲಾಭದ ಹೆಚ್ಚಿನ ಪಾಲು ಇರುವುದೇ ಕೊನೆ ಇಳಿದ ಮೇಲಿನ ಆ ಎಂಟು ಹತ್ತು ದಿನದ ಕೆಲಸದಲ್ಲಿ. ಅದನ್ನು ಬಿಟ್ಟುಕೊಟ್ಟವನು ತೋಟಿಗನೋ ಮರ ಕಾಯುವವನೋ ಎಂದು ಕೆಲವರು ಕೇಳುತ್ತಾರೆ. ಕೇಳುವವರ ಮನೆಯಲ್ಲಿ ಸಾಮಾನ್ಯವಾಗಿ ಸೊಸೆ ಇರುತ್ತಾಳೆ.

ಮರ ಹತ್ತುವ ಸಂಕಟಕ್ಕೆ ಇನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ. ಬಂಟ್ವಾಳದ ಕಡೆಯ ಕೃಷಿಕ ಗಣಪತಿ ಭಟ್ಟರು 2019ರಲ್ಲಿ ಮರ ಏರುವ ಬೈಕು ತೋರಿಸಿ ಲೋಕಪ್ರಸಿದ್ಧರಾದರು. ಏರಿಳಿಯಲು ಚೆಂದ, ಆದರೆ ಮರದಿಂದ ಮರಕ್ಕೆ ದಾಟದು. ನೆಲದಲ್ಲೇ ನಿಂತು ಕೊಯ್ಯುವ, ಮದ್ದು ಹೊಡೆಯುವ ಕಾರ್ಬನ್ ಫೈಬರಿನ ದೋಟಿ ಬಂದದ್ದು ನಿಜವಾದ ಬದಲಾವಣೆ. ಅದನ್ನು ಹಿಡಿಯಲು ಮರ ಹತ್ತುವ ಧೈರ್ಯ ಬೇಡ, ಕತ್ತು ಮಾತ್ರ ಗಟ್ಟಿ ಇರಬೇಕು. ನಮ್ಮ ಗೌಡನ ಮಗ ಎರಡು ದೋಟಿ ಕೊಂಡಿದ್ದಾನೆ. ಅವನ ಹತ್ತಿರ ಅಸ್ಸಾಮಿನ ಇಬ್ಬರು ಹುಡುಗರು ಕೆಲಸಕ್ಕಿದ್ದಾರೆ. ಅವನಿಗೂ ಒಂದೂವರೆ ಎಕರೆ ತೋಟವಾಗಿದೆ. ಊರವರ ತೋಟವೆಲ್ಲ ಮುಗಿಯುವ ಹೊತ್ತಿಗೆ ಅವನದು ಹಣ್ಣಾಗಿರುತ್ತದೆ. ಅವನಿಗೆ ಆಳು ಸಿಗುವುದಿಲ್ಲ. ಈಚಿನ ಎಲೆಚುಕ್ಕಿ ರೋಗ ಮತ್ತೂ ಎರಡು ಸಲ ಮದ್ದು ಹೊಡೆಸುತ್ತಿದೆ. ಆ ದಿನಗಳನ್ನು ಯಾವ ತಿಂಗಳಿನಿಂದ ಕಡ ತರುವುದೋ ಯಾರಿಗೂ ತಿಳಿಯುತ್ತಿಲ್ಲ.

ಯಂತ್ರ ಸುಲಿದ ಮೇಲೆ ಉಳಿಯುವ ಕೆಲಸ ಒಂದಿದೆ, ಆಯುವುದು. ಸಿಪ್ಪೆ ಅಂಟಿದ್ದು, ಒಡೆದದ್ದು, ಎಳೆಯದು, ಕಪ್ಪಾದದ್ದು ಬೇರೆ ಮಾಡಿ ನಾಲ್ಕು ರಾಶಿ ಹಾಕಬೇಕು. ಇದಕ್ಕೆ ಕಣ್ಣು ಬೇಕು, ಕೂತಲ್ಲಿಂದ ಏಳದ ತಾಳ್ಮೆ ಬೇಕು. ಪ್ರತಿ ಮನೆಯಲ್ಲೂ ಇದು ಹೆಂಗಸರದೇ. ಕಳೆದ ಕೆಲವು ವರ್ಷಗಳಿಂದ ಸೊಸೆ ಬೆಂಗಳೂರಿನ ಕೆಲಸವನ್ನು ಇಲ್ಲಿಂದಲೇ ಮಾಡುತ್ತಿದ್ದಾಳೆ. ಮನೆಯ ಲೆಕ್ಕ ಈಗ ಅವಳ ಕಂಪ್ಯೂಟರಿನಲ್ಲಿ. ಯಂತ್ರದ ಬಾಡಿಗೆ, ದೋಟಿಯವನ ಕೂಲಿ, ಮೈಲುತುತ್ತ, ಡೀಸೆಲ್ಲು ಎಂದು ಒಂದೊಂದು ಸಾಲು. ಅದರ ಕೆಳಗೆ "ಆಯ್ದಿದ್ದು: ಅತ್ತೆ, ನಾನು" ಎಂದು ಒಂದು ಸಾಲು ಹಾಕಿ, ಹೊರಗಿನ ಹೆಂಗಸರಿಗೆ ಕೊಡುವ ದರದಲ್ಲೇ ಅವಳು ಹಣ ಬರೆದಿದ್ದಾಳೆ. ನನ್ನ ಗಂಡ ಅದನ್ನು ನೋಡಿ, ಮನೆಯವರಿಗೆ ಕೂಲಿ ಬರೆದರೆ ತೋಟ ನಷ್ಟದಲ್ಲಿ ಕಾಣುತ್ತದಲ್ಲ ಎಂದರು. "ಮೊದಲಿಂದ್ಲೂ ನಷ್ಟದಲ್ಲೇ ಇತ್ತೇನೋ ಮಾವ" ಅಂದಳು ಅವಳು, ಸಾಲು ಅಳಿಸಲಿಲ್ಲ.